ಹೂಂ ಅಂದದ್ದು ಯಾರು

ನಿವೃತ್ತನಾದ ಮನುಷ್ಯನನ್ನು ಹಿತೈಷಿಗಳು ಮೊದಲು ಕಳಿಸುವುದು ಯೋಗದ ತರಗತಿಗೆ. ತೆಲುಗು ನಾಡಿನ ಗಡಿಯೂರು ಆದೋನಿಯಲ್ಲಿ ಮೂವತ್ತೊಂದು ವರ್ಷ ಕನ್ನಡ ಮಾಧ್ಯಮದ ಮಕ್ಕಳಿಗೆ ಸಂಧಿಗಳನ್ನು ಬಿಡಿಸಿ ಬಿಡಿಸಿ, ಕೊನೆಗೆ ನನ್ನ ಮೊಣಕಾಲಿನ ಸಂಧಿಗಳೇ ಬಿಟ್ಟುಕೊಳ್ಳತೊಡಗಿದಾಗ, ನಾನೂ ಒಂದು ಚಾಪೆ ಕೊಂಡು ರಣಮಂಡಲ ಬೆಟ್ಟದ ಕೆಳಗಿನ ಶಾಲೆಯ ಮೈದಾನಕ್ಕೆ ಹೋದೆ. ವಯಸ್ಸಿನಲ್ಲಿ ನನ್ನ ಶಿಷ್ಯೆಯಾಗಬಹುದಾಗಿದ್ದ ಗುರುಮಾತೆ ಮಧುರವಾದ ತೆಲುಗಿನಲ್ಲಿ, ಏನೂ ಮಾಡಬೇಡಿ, ಕಣ್ಣು ಮುಚ್ಚಿ ನಿಮ್ಮ ಉಸಿರನ್ನು ಸುಮ್ಮನೆ ನೋಡಿ ಎಂದರು. ಇಷ್ಟು ಸುಲಭದ ಪರೀಕ್ಷೆಯಲ್ಲಿ ನಾನು ಅನುತ್ತೀರ್ಣನಾದೆ. ನೀವೂ ನೋಡಿ ಬೇಕಾದರೆ: ಅರವತ್ತು ವರ್ಷ ತನ್ನ ಪಾಡಿಗೆ ತಾನು ಓಡಾಡಿಕೊಂಡಿದ್ದ ಉಸಿರು, ಗಮನಿಸಲು ಕೂತ ಕೂಡಲೇ, ಇನ್‌ಸ್ಪೆಕ್ಟರು ತರಗತಿಗೆ ಬಂದಾಗ ಪದ್ಯ ಮರೆಯುವ ಹುಡುಗನಂತೆ ತಡವರಿಸುತ್ತದೆ. ಉಳಿದವರಿಗೆ ಎಂಟು ದಿನದಲ್ಲಿ ಶಾಂತಿ ಸಿಕ್ಕಿತು. ನಾನು ಎಂಟನೆಯ ದಿನ ಮೊಣಕಾಲಿನ ನೆಪ ಹೇಳಿ ಚಾಪೆ ಸುತ್ತಿಕೊಂಡು ಬಂದೆ.

ನಿಜವಾದ ಕಾರಣವನ್ನು ಅವರಿಗೆ ಹೇಳಲಾಗಲಿಲ್ಲ, ನಿಮಗೆ ಹೇಳುತ್ತೇನೆ. ಕಣ್ಣು ಮುಚ್ಚಿ ಉಸಿರನ್ನು ನೋಡಲು ಕೂತರೆ ನನ್ನ ಬಲಗೈ ತಾನೇ ತಾನಾಗಿ ಮುಷ್ಟಿ ಬಿಗಿದು ಬಿಚ್ಚತೊಡಗುತ್ತದೆ. ಒಂದು, ಎರಡು, ಮೂರು, ಬಿಗಿ. ಒಂದು, ಎರಡು, ಮೂರು, ಬಿಗಿ. ಆಗ ನನಗೆ ಕಾಣುವ ಉಸಿರು ನನ್ನದಲ್ಲ.

ನನ್ನ ಅಕ್ಕ ಹಂಪಮ್ಮನನ್ನು ಕೊಟ್ಟದ್ದು ಹಾಲಹರವಿಯ ಹತ್ತಿರದ ಒಂದು ಹಳ್ಳಿಗೆ. ಭಾವ ಹನುಮಂತಪ್ಪ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದವರು. ಆ ಸೀಮೆಯ ಕಂಬಗಳೆಲ್ಲ ಅವರಿಗೆ ಹೆಸರು ಹಿಡಿದು ಕರೆಯುವಷ್ಟು ಪರಿಚಿತ. ಮನುಷ್ಯರೊಂದಿಗೆ ಮಾತ್ರ ಮಾತು ಕಡಿಮೆ, ಆಡಿದ ಮಾತು ಕಂಬದಷ್ಟೇ ನೆಟ್ಟಗೆ. ಒಬ್ಬಳೇ ಮಗಳು ಸಾವಿತ್ರಿ ಎಮ್ಮಿಗನೂರಿನಲ್ಲಿ ಓದುತ್ತಿದ್ದವಳು ಅಲ್ಲಿನ ನೇಕಾರರ ಮನೆಯ ಹುಡುಗನನ್ನು ತಾನೇ ಆರಿಸಿ ಮದುವೆಯಾದಾಗ, ಭಾವ ಕೂಗಾಡಲಿಲ್ಲ. ಊಟ ಮಾಡಿ ಕೈ ತೊಳೆದು, “ನಾ ಇರೋತನಕ ಆಕಿ ಈ ಹೊಸ್ತಿಲ ತುಳಿಯಂಗಿಲ್ಲ” ಎಂದರು. ಮೂರು ವರ್ಷ ಆಕೆ ತುಳಿಯಲಿಲ್ಲ. ಅಕ್ಕ ಆದೋನಿಗೆ ಬಂದು ನಮ್ಮ ಮನೆಯಿಂದ ಮಗಳಿಗೆ ಫೋನು ಮಾಡಿ ಹೋಗುತ್ತಿದ್ದಳು. ಭಾವನಿಗೆ ಅದು ಗೊತ್ತಿತ್ತೆಂದೇ ನನ್ನ ಅನುಮಾನ; ಅವರು ಕೇಳಲಿಲ್ಲ, ಅವಳು ಹೇಳಲಿಲ್ಲ.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ರೊಟ್ಟಿ ಮುರಿಯುತ್ತ ಕೂತವರು ಹಾಗೆಯೇ ಪಕ್ಕಕ್ಕೆ ವಾಲಿದರು. ಆದೋನಿಗೆ ತಂದೆವು, ಅಲ್ಲಿಂದ ಕರ್ನೂಲಿಗೆ ಕಳಿಸಿದರು. ಮಿದುಳಿನಲ್ಲಿ ರಕ್ತನಾಳ ಒಡೆದಿತ್ತು. ನಾಲ್ಕು ದಿನ ಯಂತ್ರವೇ ಅವರ ಎದೆಯನ್ನು ಏರಿಸಿ ಇಳಿಸಿತು. ನಾಲ್ಕನೆಯ ದಿನ ಸಂಜೆ, ದಣಿದ ಕಣ್ಣಿನ ಎಳೆಯ ವೈದ್ಯೆಯೊಬ್ಬರು ನನ್ನನ್ನು ಕರೆದು, ಇನ್ನು ಮಾಡುವುದು ಏನೂ ಉಳಿದಿಲ್ಲ, ಬೇಕಾದರೆ ಮನೆಗೆ ಕರೆದೊಯ್ಯಿರಿ ಎಂದರು. ವ್ಯಾಕರಣದ ಮೇಷ್ಟರಿಗೆ ಎಂಥ ಹೊತ್ತಿನಲ್ಲೂ ಕಾಲ ಯಾವುದೆಂದು ಖಚಿತವಾಗಬೇಕು. ಇದ್ದಾರೋ, ಹೋದರೋ ಎಂದು ಕೇಳಿದೆ. ಆಕೆ ಸ್ವಲ್ಪ ಹೊತ್ತು ನೆಲ ನೋಡಿ, “ಗುಂಡೆ ಉಂದಿ ಸಾರ್, ಮನಿಷಿ ಲೇರು” ಎಂದರು. ಹೃದಯವಿದೆ, ಮನುಷ್ಯರಿಲ್ಲ. ರೂಪ ಏನೇ ಇರಲಿ, ಅರ್ಥದಲ್ಲಿ ವರ್ತಮಾನವೂ ಭೂತವೂ ಒಂದೇ ವಾಕ್ಯದಲ್ಲಿ ಪಕ್ಕಪಕ್ಕದಲ್ಲಿ ಕೂತದ್ದನ್ನು ನಾನು ಮೊದಲ ಸಲ ಕಂಡೆ. ಭೂತ ಎಂಬ ಪದಕ್ಕೆ ಇನ್ನೊಂದು ಅರ್ಥವಿರುವುದು ಯಾಕೆಂದೂ ಆಗಲೇ ಹೊಳೆಯಿತು.

ನಮ್ಮ ಕಡೆ ಜೀವ ಹೋಗುವುದು ಸ್ವಂತ ಮನೆಯೊಳಗೆ ಆಗಬೇಕು. ಊರ ಹೊರಗೆ ಜೀವ ಬಿಟ್ಟವರ ಹೆಣವನ್ನು ಎಷ್ಟೋ ಮನೆಗಳಲ್ಲಿ ಇಂದಿಗೂ ಒಳಗೆ ಸೇರಿಸುವುದಿಲ್ಲ. ಆದ್ದರಿಂದ ಭಾವನನ್ನು ಉಸಿರಿರುವಂತೆಯೇ ಒಯ್ಯಬೇಕೆಂದಾಯಿತು. ಯಂತ್ರ ಆಂಬುಲೆನ್ಸಿನ ಜೊತೆ ಬರುವುದಿಲ್ಲ. ಬರುವುದು ಅಂಬು ಬ್ಯಾಗು ಎಂಬ ರಬ್ಬರಿನ ಚೀಲ. ಬಾಯಿಯೊಳಗಿನ ಕೊಳವೆಗೆ ಅದನ್ನು ಸಿಕ್ಕಿಸಿ ಕೈಯಿಂದ ಒತ್ತಿದರೆ ಗಾಳಿ ಒಳಗೆ ಹೋಗುತ್ತದೆ, ಬಿಟ್ಟರೆ ಹೊರಗೆ ಬರುತ್ತದೆ. ಮಾರನೆಯ ದಿನ ಬೆಳಕು ಹರಿಯುವಾಗ ಹೊರಟೆವು. ಭಾವನ ಕಾಲ ಬಳಿ ಅಕ್ಕ, ತಲೆಯ ಬಳಿ ನಾನು, ಚೀಲ ಹಿಡಿದು ಖಾಜಾಸಾಬ್. ಈತ ಆಂಬುಲೆನ್ಸಿನ ಸಹಾಯಕ, ಐವತ್ತು ದಾಟಿದ, ಹಿತಮಿತವಾಗಿ ಮಾತಾಡುವ ಮನುಷ್ಯ. ಕೋಡುಮೂರು ದಾಟುವಷ್ಟರಲ್ಲಿ ಅವನ ಬೆರಳು ಸೆಟೆದುಕೊಂಡವು. ಸಾರ್, ನೀವೊಂದಷ್ಟು ಹೊತ್ತು ಹಿಡೀರಿ ಎಂದು ನನ್ನ ಕೈಗೆ ಕೊಟ್ಟು ಕಲಿಸಿದ. ಮೂರು ಎಣಿಸಬೇಕು, ಒತ್ತಬೇಕು. ಜೋರಾಗಿ ಒತ್ತಬಾರದು, ಜೋರಾದರೆ ಕೊಳವೆಯ ಪಕ್ಕದಿಂದ ಗಾಳಿ ಸೋರಿ ಗಂಟಲಲ್ಲಿ ಸದ್ದಾಗುತ್ತದೆ, ಅದನ್ನು ಕೇಳಿದ ಮನೆಯವರು ಹೆದರುತ್ತಾರೆ.

ನಾನು ಒತ್ತಿದೆ. ಭಾವನ ಎದೆ ಎದ್ದಿತು.

‘ಇಸು’ ಎಂಬ ಪ್ರತ್ಯಯ ಹತ್ತಿದರೆ ಕ್ರಿಯಾಪದ ಪ್ರೇರಣಾರ್ಥಕವಾಗುತ್ತದೆಂದು ಎಷ್ಟು ವರ್ಷ ಪಾಠ ಮಾಡಿದ್ದೆ. ಮಗು ನಕ್ಕಿತು, ತಾಯಿ ಮಗುವನ್ನು ನಗಿಸಿದಳು. ಇಲ್ಲಿ ನಗುವವರು ಯಾರು ಎಂದು ಕೇಳಿದರೆ ಕೊನೆಯ ಬೆಂಚಿನವನೂ ‘ಮಗು’ ಎನ್ನುತ್ತಿದ್ದ. ಪತ್ತಿಕೊಂಡದ ಕಡೆಯಿಂದ ಬಂದ ಲಾರಿಗಳು ನಮಗೆ ದಾರಿ ಬಿಡುತ್ತಿದ್ದವು, ನಾನು ಭಾವನನ್ನು ಉಸಿರಾಡಿಸುತ್ತಿದ್ದೆ. ಇಲ್ಲಿ ಉಸಿರಾಡುವವರು ಯಾರು? ರಸ್ತೆಯ ಗುಂಡಿಯಲ್ಲಿ ಗಾಡಿ ಹಾರಿದಾಗ ಎಣಿಕೆ ತಪ್ಪುತ್ತಿತ್ತು; ಆ ಒಂದು ಕ್ಷಣ ಭಾವನ ಎದೆ ಮಲಗಿಯೇ ಇರುತ್ತಿತ್ತು, ನನ್ನದೂ.

ದಾರಿಯಲ್ಲೇ ಊರಿನಿಂದ ಫೋನು ಬಂತು. ಭಾವನ ಅಣ್ಣ ಪುರೋಹಿತರನ್ನು ಕೇಳಿದ್ದರಂತೆ. ಸಾವಿಗೆ ಕೆಟ್ಟದ್ದೆನ್ನುವ ಐದು ನಕ್ಷತ್ರಗಳ ಧನಿಷ್ಠಾ ಪಂಚಕ ನಡೆದಿದೆ, ಇಂದು ಅದರ ಕೊನೆಯ ನಕ್ಷತ್ರ ರೇವತಿ, ಅದು ಕಳೆಯುವುದು ಮಧ್ಯಾಹ್ನ ಹನ್ನೆರಡೂ ಇಪ್ಪತ್ತಕ್ಕೆ. ಅದಕ್ಕೆ ಮೊದಲು ಪ್ರಾಣ ಹೋದರೆ ಮನೆಗೆ ದೋಷ. ಬಾಗಿಲಿಗೆ ಮುಳ್ಳುಕಂಟಿ ಬಡಿದು ತಿಂಗಳುಗಟ್ಟಲೆ ಮನೆ ಬಿಡಬೇಕು. ಅಶ್ವಿನಿ ಹತ್ತಿದ ಮೇಲೆ ಹೋದರೆ ಏನೂ ಇಲ್ಲ. ಅಲ್ಲಿಯತನಕ ಉಸಿರು ನಿಲ್ಲಬಾರದು ಎಂದರು. ನಾನು ಅದಕ್ಕೆ ಆಗಲಿ ಎಂದೆ. ನನ್ನ ಕೈಲಿದ್ದ ಅಧಿಕಾರ ಎಂಥದೆಂದು ಹೊಳೆದದ್ದು ಫೋನು ಇಟ್ಟ ಮೇಲೆ: ಗ್ರಹತಾರೆಗಳ ಬಗ್ಗೆ ಜೀವನವಿಡೀ ಚೇಷ್ಟೆ ಮಾಡಿಕೊಂಡು ಬಂದ ವಿಚಾರವಾದಿ ಮೇಷ್ಟರಾದ ನಾನು ಒಂದು ನಕ್ಷತ್ರವನ್ನು ದಾಟಿಸುವ ಕೆಲಸಕ್ಕೆ ನೇಮಕಗೊಂಡಿದ್ದೆ.

ಆಲೂರಿನ ಹತ್ತಿರ ಖಾಜಾಸಾಬ್ ಒಮ್ಮೆ ಭಾವನ ಕುತ್ತಿಗೆಗೆ ಬೆರಳಿಟ್ಟು ನೋಡಿದ. ನನ್ನ ಕಡೆ ನೋಡಿದ. ಮತ್ತೆ ಕಿಟಕಿಯ ಕಡೆ ತಿರುಗಿದ.

ಊರು ಮುಟ್ಟಿದಾಗ ಒಂಬತ್ತೂವರೆ. ಮನೆ ಮುಂದಿನ ಬೇವಿನ ಮರದ ಕೆಳಗೆ ಸಾವಿತ್ರಿ ನಿಂತಿದ್ದಳು, ಎಂಟು ತಿಂಗಳ ಬಸುರಿ. ಸುದ್ದಿ ತಿಳಿದು ಎಮ್ಮಿಗನೂರಿನಿಂದ ನಸುಕಿಗೇ ಹೊರಟು ನಮಗಿಂತ ಮೊದಲು ಬಂದಿದ್ದಳು. ಗಂಡ ಬೀದಿಯ ಕೊನೆಯಲ್ಲಿ ಕಾರಿನೊಳಗೆ ಕೂತಿದ್ದ. ಸ್ಟ್ರೆಚರು ಹೊಸ್ತಿಲು ದಾಟುವಾಗ ನಾನು ಚೀಲ ಒತ್ತುತ್ತ ಅಡ್ಡಡ್ಡ ನಡೆದೆ. ಆಕೆ ಹಿಂದೆಯೇ ನಾಲ್ಕು ಹೆಜ್ಜೆ ಬಂದು ಹೊಸ್ತಿಲ ಹತ್ತಿರ ನಿಂತುಬಿಟ್ಟಳು. ಬಾ ಎಂದು ಯಾರೂ ಅನ್ನಲಿಲ್ಲ. ಎಲ್ಲರೂ ಭಾವನ ಅಣ್ಣನ ಮುಖ ನೋಡಿದರು. ಅವರು ಕೆಟ್ಟವರಲ್ಲ. ಆದರೂ ಅವರು ಅಂದದ್ದು ಇಷ್ಟು: “ಉಸಿರು ಐತಿ ಅಂದಮ್ಯಾಗ ಮಾತೂ ಐತಿ.”

ತರ್ಕದಲ್ಲಿ ಲೋಪ ಹುಡುಕಿ ನೋಡಿ, ಸಿಗುವುದಿಲ್ಲ. ನಕ್ಷತ್ರದ ಮುಂದೆ ಭಾವ ಬದುಕಿದ್ದಾರೆಂದು ವಾದಿಸುವ ನಾವು ಮಗಳ ಮುಂದೆ ಸತ್ತಿದ್ದಾರೆಂದು ಹೇಳುವುದು ಹೇಗೆ? ನಾ ಇರೋತನಕ ಎಂದಿದ್ದರು. ಅವರು ಇದ್ದಾರೆ, ಯಾಕೆಂದರೆ ನಾನು ಒತ್ತುತ್ತಿದ್ದೇನೆ. ಹನ್ನೆರಡೂ ಇಪ್ಪತ್ತರವರೆಗೆ ಇರಲೇಬೇಕು, ಅಷ್ಟರವರೆಗೆ ಆಕೆ ಹೊರಗೆ ನಿಲ್ಲಲೇಬೇಕು. ಯಾರೋ ಆಕೆಗೊಂದು ಸ್ಟೂಲು ಕೊಟ್ಟರು. ಆಕೆ ಕೂರಲಿಲ್ಲ.

ಆ ಪಡಸಾಲೆಯ ಎರಡು ಮೂರು ಗಂಟೆಗಳನ್ನು ಹೇಗೆ ವರ್ಣಿಸಲಿ? ಖಾಜಾಸಾಬ್ ಗಾಡಿಯ ಡ್ರೈವರಿಗೆ ಹೇಳಿ ನನಗಾಗಿ ಉಳಿದುಕೊಂಡಿದ್ದ. ನಡುವೆ ಕೈ ಬದಲಿಸಲು ಬಂದರೆ ನಾನೇ ಬಿಡಲಿಲ್ಲ. ಯಾಕೆ ಬಿಡಲಿಲ್ಲವೋ ತಿಳಿಯದು. ಜನ ಬಂದು ಗೋಡೆಗೆ ಆತು ಕೂತರು. ಮೊದಲು ಪಿಸುಮಾತಿತ್ತು, ಆಮೇಲೆ ಅದೂ ನಿಂತು ಚೀಲದ ಸದ್ದೊಂದೇ ಉಳಿಯಿತು. ಒಂದು ಹೊತ್ತಿನಲ್ಲಿ ತಲೆಯೆತ್ತಿ ನೋಡಿದೆ: ಗೋಡೆಯುದ್ದಕ್ಕೂ ಕೂತವರ ಎದೆಗಳು ಒಟ್ಟಿಗೆ ಏಳುತ್ತಿದ್ದವು, ಒಟ್ಟಿಗೆ ಇಳಿಯುತ್ತಿದ್ದವು, ನನ್ನ ಕೈಗೆ ಸರಿಯಾಗಿ. ನಾನು ಬೇಕೆಂದೇ ಒಂದು ಎಣಿಕೆ ತಡಮಾಡಿದೆ. ಇಡೀ ಮನೆ ತಡೆದು ಕಾಯಿತು. ಹೆದರಿ ಬೇಗನೆ ಒತ್ತಿದೆ. ಅಷ್ಟರಲ್ಲಿ ಜೇಬಿನಲ್ಲಿ ಫೋನು ಕಂಪಿಸಿತು. ಎಡಗೈಯಲ್ಲಿ ತೆಗೆದು ನೋಡಿದರೆ, ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಭಾವನ ಚಿತ್ರಕ್ಕೆ ಹೂವಿನ ಹಾರದ ಅಂಚು ಕಟ್ಟಿ, ದಿವ್ಯಾತ್ಮಕ್ಕೆ ಶಾಂತಿ ಕೋರಿದ್ದರು. ಒಬ್ಬರ ಹಿಂದೊಬ್ಬರು ಕೈ ಮುಗಿಯುತ್ತಿದ್ದರು. ಪರದೆಯ ಮೇಲೆ ಭಾವ ದಿವಂಗತರು. ನನ್ನ ಬಲಗೈಯ ಕೆಳಗೆ ಅವರ ಎದೆ ಬೆಚ್ಚಗಿತ್ತು.

ಹತ್ತೂವರೆಯ ಸುಮಾರಿಗೆ ಪುರೋಹಿತರು ಬಂದರು. ಎಂಬತ್ತರ ಹತ್ತಿರದ ವೃದ್ಧರು, ಪಂಚಾಂಗ ಈಗ ಅವರ ಮೊಬೈಲಿನಲ್ಲೇ ಇದೆ. ನಾನು ತಗ್ಗಿದ ದನಿಯಲ್ಲಿ, ಸ್ವಾಮಿ, ಕೈಯಿಂದ ಒತ್ತಿದ ಉಸಿರು ನಿಮ್ಮ ಲೆಕ್ಕಕ್ಕೆ ಬರುತ್ತದೆಯೇ ಎಂದು ಕೇಳಿದೆ. ಚೇಷ್ಟೆಗಲ್ಲ, ನಿಜವಾಗಿ ತಿಳಿಯಬೇಕಿತ್ತು. ಅವರು ಚೀಲವನ್ನು ಬಹಳ ಹೊತ್ತು ನೋಡಿದರು. “ಶಾಸ್ತ್ರ ಬರದೋರ ಕಾಲಕ್ಕ ಈ ಚೀಲ ಇದ್ದಿಲ್ಲಪ್ಪ” ಎಂದರು. ಆಮೇಲೆ ನೆಲ ನೋಡಿದರು, ಥೇಟು ಕರ್ನೂಲಿನ ಆ ವೈದ್ಯೆಯಂತೆ. ಒಬ್ಬರಿಗೆ ಯಂತ್ರ ಗೊತ್ತು, ಇನ್ನೊಬ್ಬರಿಗೆ ಮಂತ್ರ. ಇಬ್ಬರೂ ಆ ಒಂದು ಪ್ರಶ್ನೆಯನ್ನು ನನ್ನ ಅಂಗೈಗೆ ದಾಟಿಸಿ ಸುಮ್ಮನಾದರು.

ಬಿಸಿಲೇರಿತು. ಬಾಗಿಲ ಚೌಕಟ್ಟಿನಲ್ಲಿ ಸಾವಿತ್ರಿ ಒಂದು ಕೈ ಸೊಂಟಕ್ಕೆ ಕೊಟ್ಟು, ಇನ್ನೊಂದರಿಂದ ಬಾಗಿಲ ತೋಳನ್ನು ಹಿಡಿದು ನಿಂತೇ ಇದ್ದಳು. ಅಕ್ಕ ಗಂಡನ ಮಗ್ಗುಲಲ್ಲಿ ಕೂತವಳು ಅತ್ತ ತಿರುಗಿಯೂ ನೋಡಿರಲಿಲ್ಲ. ಅವಳು ಅಷ್ಟು ಹೊತ್ತೂ ಭಾವನ ಮುಖವನ್ನು, ಒಮ್ಮೊಮ್ಮೆ ನನ್ನ ಕೈಯನ್ನು ನೋಡುತ್ತಿದ್ದಳು. ಹನ್ನೊಂದು ದಾಟಿರಬೇಕು, ಅವಳು ಬಾಗಿ, ಊಟಕ್ಕೆ ಏಳಿಸುವ ದನಿಯಲ್ಲಿ, ಎಲ್ಲರಿಗೂ ಕೇಳುವಂತೆ ಅಂದಳು: “ಏನ್ರಿ, ಸಾವಿತ್ರಿ ಬಂದಾಳ. ಬಸುರಿ ಹೆಂಗಸು ಬಿಸಲಾಗ ನಿಂತಾಳ. ಒಳಗ ಕರಕಳ್ಳಲೇನ್ರಿ?”

“ಹೂಂ.”

ಭಾವನ ಗಂಟಲಿನಿಂದಲೇ ಬಂತು. ದಪ್ಪನೆಯ, ಮೂಗಿನಲ್ಲಿ ಮುಗಿಯುವ, ಅವರದೇ ಹೂಂ. ಜೀವಮಾನವಿಡೀ ಅವರು ಆಡಿದ ಮಾತಿನಲ್ಲಿ ಅರ್ಧ ಅದೇ ಆಗಿತ್ತು. ಗೋಡೆಗೆ ಆತವರೆಲ್ಲ ಒಮ್ಮೆಲೇ ನೆಟ್ಟಗೆ ಕೂತರು. ಒಬ್ಬ ಮುದುಕಿ ಸೆರಗು ಬಾಯಿಗೆ ಒತ್ತಿಕೊಂಡಳು. ಭಾವನ ಅಣ್ಣ ಎದ್ದು ನಿಂತು, ಬಾಗಿಲಿನಿಂದ ಪಕ್ಕಕ್ಕೆ ಸರಿದರು. ಸಾವಿತ್ರಿ ಹೊಸ್ತಿಲು ದಾಟಿ ಬಂದು, ಕಷ್ಟಪಟ್ಟು ನೆಲಕ್ಕೆ ಕೂತು, ಅಪ್ಪನ ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದಳು.

ಆ ಸದ್ದು ಎಲ್ಲಿಂದ ಬಂತೆಂದು ಆ ಮನೆಯಲ್ಲಿ ತಿಳಿದವರು ನಾವಿಬ್ಬರು. ಖಾಜಾಸಾಬ್ ನನ್ನನ್ನು ನೋಡಿದ, ನಾನು ಅವನನ್ನು. ಜೋರಾಗಿ ಒತ್ತಿದರೆ ಗಾಳಿ ಸೋರಿ ಸದ್ದಾಗುತ್ತದೆ. ನಾನು ಜೋರಾಗಿ ಒತ್ತಿದ್ದೆ. ಕೈ ಸೋತು ಹಾಗಾಯಿತೋ, ಬೇಕೆಂದು ಒತ್ತಿದೆನೋ? ಆ ಕ್ಷಣಕ್ಕೂ ಗೊತ್ತಿರಲಿಲ್ಲ, ಆಮೇಲೆ ಎಷ್ಟು ಕೆದಕಿದರೂ ಗೊತ್ತಾಗಲಿಲ್ಲ. ಮೂರು ವರ್ಷ ಬಿಗಿಹಿಡಿದ ಒಬ್ಬ ಮನುಷ್ಯನ ಮಾತನ್ನು ಅವನ ಗಂಟಲಿನಿಂದಲೇ ಮುರಿಸಿದ್ದೆ. ಒಳ್ಳೆಯದೇ ಆಯಿತೆಂದು ಮನಸ್ಸು ಹೇಳುತ್ತಿತ್ತು. ಅಂಗೈ ಮಾತ್ರ ಕಳ್ಳತನ ಮಾಡಿದಂತೆ ಬೆವರಿತು.

ಹನ್ನೆರಡೂ ಇಪ್ಪತ್ತಕ್ಕೆ ಪುರೋಹಿತರು ಮೊಬೈಲು ನೋಡಿ, ಅಶ್ವಿನಿ ಹತ್ತಿತು ಎಂದರು. ಇನ್ನು ನಿಲ್ಲಿಸಬಹುದು. ಆದರೆ ನಿಲ್ಲಿಸು ಎಂದು ಯಾರೂ ಅನ್ನಲಿಲ್ಲ. ಐದು ನಿಮಿಷವಾಯಿತು, ಹತ್ತಾಯಿತು. ನನ್ನ ಮೊಣಕೈವರೆಗೂ ಮರಗಟ್ಟಿತ್ತು. ಖಾಜಾಸಾಬ್ ನನ್ನ ಕಿವಿಯ ಹತ್ತಿರ ಬಾಗಿ, “ಎಷ್ಟೋ ಮಂದೀನ ಮನಿ ಮುಟ್ಟಿಸೀನಿ ಸಾರ್. ಬಸ್ ಅಂತ ಯಾರೂ ಹೇಳಂಗಿಲ್ಲ. ಕೈ ಸೋಲತೈತಿ, ಆಗ ನಿಲ್ಲತೈತಿ” ಎಂದ.

ಆಗ ಸಾವಿತ್ರಿ ಮೆಲ್ಲಗೆ ಅಂದಳು: “ಸಾಕು, ಬಿಡು.”

ನಾನು ಕೈ ಬಿಟ್ಟೆ. ಚೀಲ ನನ್ನ ಮಡಿಲಿಗೆ ಬಿತ್ತು. ಮನೆಯ ಸದ್ದೆಲ್ಲ ನಿಂತಿತು. ಎಣಿಸುವುದು ರೂಢಿಯಾಗಿದ್ದರಿಂದ ನಾನು ಒಳಗೊಳಗೇ ಎಣಿಸುತ್ತಲೇ ಇದ್ದೆ. ಮೂರಾಯಿತು, ಹತ್ತಾಯಿತು, ಹದಿನೈದಾಯಿತು. ಹದಿನಾರಕ್ಕೋ ಹದಿನೇಳಕ್ಕೋ ಭಾವನ ಎದೆ ಎದ್ದಿತು. ಯಾರ ಕೈಯೂ ಇಲ್ಲದೆ, ನಿಧಾನವಾಗಿ, ಪೂರ್ತಿಯಾಗಿ ಎದ್ದಿತು. ಗಂಟಲಲ್ಲಿ ಅದೇ ಹೂಂ ಬಂತು, ಮುಂಚಿನದಕ್ಕಿಂತ ಮೆತ್ತಗೆ. ಎದೆ ಇಳಿಯಿತು. ಮತ್ತೆ ಏಳಲಿಲ್ಲ. ಅದನ್ನು ಹತ್ತಿರದಿಂದ ಕಂಡವರು ಅಕ್ಕ, ಸಾವಿತ್ರಿ, ನಾನು.

ಹೊರಡುವ ಮುಂಚೆ ಖಾಜಾಸಾಬ್ ಹಿತ್ತಲಲ್ಲಿ ಚೀಲ ತೊಳೆಯುತ್ತಿದ್ದಾಗ ನಾನು ಕೈಗೆ ನೀರು ಹಾಕಲು ಹೋದೆ. ಅವನು ತಲೆಯೆತ್ತದೆ, “ನಿಮ್ಮಿಂದ ಮುಚ್ಚಿಡಂಗಿಲ್ಲ ಸಾರ್. ಆಲೂರು ದಾಟಿದಮ್ಯಾಗ ನಾಡಿ ನನ್ನ ಬೆರಳಿಗೆ ಸಿಕ್ಕಿಲ್ಲ” ಎಂದ. ಹಾಗಾದರೆ ಕೊನೆಯ ಉಸಿರು, ನಾನು ಕೈ ಬಿಟ್ಟ ಮೇಲೆ ಬಂದದ್ದು? ಒಳಗೆ ಉಳಿದ ಗಾಳಿ ಇಳಿದಿರಬೇಕು, ಹಾಗಾಗುವುದುಂಟು ಎಂದ. ಇಳಿಯುವುದಲ್ಲಪ್ಪ, ಮೊದಲು ಎದ್ದಿತು, ನಾನು ನೋಡಿದೆ ಎಂದೆ. ಅವನು ಚೀಲ ಒರೆಸಿ, “ಅಲ್ಲಾಗೆ ಗೊತ್ತು” ಎಂದು ಗಾಡಿ ಹತ್ತಿದ.

ಪಂಚಾಯತಿಯ ಅರ್ಜಿಯಲ್ಲಿ ಮರಣದ ಸಮಯ ಎಂಬಲ್ಲಿ ಹನ್ನೆರಡೂ ಮೂವತ್ತೈದು ಎಂದು ನಾನೇ ಬರೆದೆ. ಮನೆ ಬಿಡಲಿಲ್ಲ, ಬಾಗಿಲಿಗೆ ಮುಳ್ಳು ಬೀಳಲಿಲ್ಲ. ಅಕ್ಕ ಮಗಳನ್ನು ತಿರುಗಿ ಕಳಿಸಲಿಲ್ಲ, ಅಳಿಯನನ್ನೂ ಒಳಗೆ ಕರೆದಳು. ಮುಂದಿನ ತಿಂಗಳು ಸಾವಿತ್ರಿಗೆ ಹೆಣ್ಣು ಮಗುವಾಗಿ ಆ ಮನೆಯಲ್ಲೇ ಬಾಣಂತನವಾಯಿತು. ಖಾಜಾಸಾಬ್ ಹೇಳಿದ್ದು ನಿಜವಾದರೆ ಭಾವ ರೇವತಿಯಲ್ಲೇ ಹೋದವರು, ಅದನ್ನು ತಿಳಿದೂ ಸುಮ್ಮನಿದ್ದವನು ನಾನೊಬ್ಬ. ಇಂಥದರಲ್ಲಿ ನನಗೆ ನಂಬಿಕೆಯಿಲ್ಲವೆಂದು ನಿಮಗೆ ಆಗಲೇ ಹೇಳಿದೆ. ಮೂರು ತಿಂಗಳ ಕೂಸಿಗೆ ಜ್ವರ ಬಂತೆಂದು ಫೋನು ಬಂದ ದಿನ ಮಾತ್ರ, ಆ ನಂಬಿಕೆಯಿಲ್ಲದ ಮನುಷ್ಯ ಊಟ ಬಿಟ್ಟು ಬಸ್ಸು ಹತ್ತಿ ಹಾಲಹರವಿಗೆ ಹೋಗಿ, ಮಗುವಿನ ಎದೆ ಏರಿಳಿಯುವುದನ್ನು ಸಂಜೆವರೆಗೂ ನೋಡುತ್ತ ಕೂತಿದ್ದ. ಜ್ವರ ಇಳಿಯಿತು, ಲಸಿಕೆ ಹಾಕಿದ್ದಕ್ಕೆ ಬಂದದ್ದಂತೆ.

ಆ ಹೂಂ ಊರಲ್ಲೆಲ್ಲ ಕತೆಯಾಯಿತು. ಹನುಮಂತಪ್ಪ ಸಾಯುವ ಮುಂದೆ ಮಗಳನ್ನು ಒಳಗೆ ಕರೆದ ಎಂದು, ಹಟ ಹಿಡಿದ ಬೇರೆ ಅಪ್ಪಂದಿರಿಗೆ ಅದನ್ನು ಉದಾಹರಣೆ ಕೊಡುತ್ತಿದ್ದರು. ಕೇಳಿದಾಗಲೆಲ್ಲ ನನ್ನ ಅಂಗೈ ಬೆವರುತ್ತಿತ್ತು. ಯೋಗದ ತರಗತಿ ಬಿಟ್ಟ ವಾರವೇ, ಇನ್ನು ತಡೆಯಲಾರೆನೆನ್ನಿಸಿ, ಅಕ್ಕನ ಬಳಿಗೆ ಹೋದೆ. ಅವಳು ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಒಂದೂ ಬಿಡದೆ ಹೇಳಿದೆ: ಗಾಳಿ ಸೋರುವುದು, ನನ್ನ ಕೈ, ಆಲೂರು, ನಾಡಿ. ಅವಳ ಕೈ ನಿಲ್ಲಲಿಲ್ಲ.

“ಗೊತ್ತೈತಿ ತಮ್ಮಾ” ಎಂದಳು. “ಕೈ ಸೋತು ಒಂದು ಮೆಲ್ಲಗ, ಒಂದು ಜೋರು ಒತ್ತತಿದ್ದಿ ನೀನು. ಜೋರು ಒತ್ತಿದಾಗ ಗಂಟಲಾಗ ಸಣ್ಣಗ ಹೂಂ ಅಂತಿತ್ತು. ನಾಕು ಸಲ ನೋಡಿದೆ. ಐದನೇದಕ್ಕ ಮಾತು ಮುಗಿಯಂಗ ಕೇಳಿದೆ.”

ಎರಡು ವರ್ಷ ನಾನು ಹೊತ್ತ ಪಾಪ ನನ್ನದಾಗಿರಲೇ ಇಲ್ಲ. ಗ್ರಹಗತಿ ಹೇಳುವವರು, ಮಿದುಳಿನ ಚಿತ್ರ ಓದುವವರು, ವ್ಯಾಕರಣದ ಮೇಷ್ಟರು, ಎಲ್ಲರೂ, ಭಾವ ಇದ್ದಾರೋ ಇಲ್ಲವೋ ಎಂದು ನೆಲ ನೋಡುತ್ತ ಕೂತಿದ್ದ ಹೊತ್ತಿನಲ್ಲಿ, ಶಾಲೆ ಕಾಣದ ಈ ಹೆಂಗಸು ಬಿಸಿಲಲ್ಲಿ ನಿಂತ ಮಗಳಿಗೆ ದಾರಿ ಹುಡುಕಿದ್ದಳು. ಹಾಗಾದರೆ ಭಾವ ಕೊನೆಗೂ ಏನೂ ಅನ್ನಲಿಲ್ಲ ಎಂದೆ, ಹಗುರವಾಗಿ, ಸ್ವಲ್ಪ ಬೇಸರದಿಂದಲೂ.

“ಯಾಕ, ಅಂದ್ರಲ್ಲ. ನೀ ಚೀಲ ಬಿಟ್ಟಮ್ಯಾಗ ಬಂದ ಹೂಂ ಯಾರ ಕೈದು?”

ಆಗ ಅವರನ್ನು ಯಾರೂ ಏನೂ ಕೇಳಿರಲಿಲ್ಲವಲ್ಲ ಎಂದೆ. ಅಕ್ಕ ಮೊರವನ್ನು ಕೆಳಗಿಟ್ಟು ಮೊದಲ ಸಲ ನನ್ನ ಮುಖ ನೋಡಿದಳು.

“ಸಾಕು ಬಿಡು ಅಂತ ಸಾವಿತ್ರಿ ನಿನಗ ಅಂದ್ಲು ಅಂದಕಂಡಿಯೇನು?”

ಆ ಮಾತು ಆಡುವಾಗ ಸಾವಿತ್ರಿ ನನ್ನತ್ತ ನೋಡಿರಲಿಲ್ಲ. ಆಕೆಯ ಕೈ ಅಪ್ಪನ ಪಾದದ ಮೇಲಿತ್ತು, ಕಣ್ಣು ಅವರ ಮುಖದ ಮೇಲೆ.